ಫೀಡ್ ಏರಿಸುವ ಮುನ್ನ ಉಸಿರು ನೋಡಿ: ವೆಂಟಿಲೇಟರ್ ಮೋಡ್ ಮತ್ತು ರೋಗಿಯ ಕ್ಯಾಲೊರಿ ಲೆಕ್ಕ

ಆರಾಮವಾಗಿ ಮಲಗಿರುವ ಆರೋಗ್ಯವಂತನಿಗೆ ಉಸಿರಾಟ ಬಹಳ ಅಗ್ಗದ ಕೆಲಸ. ಮೈ ಬಳಸುವ ಒಟ್ಟು ಆಕ್ಸಿಜನ್‌ನಲ್ಲಿ ಶೇ. 1ರಿಂದ 3ರಷ್ಟು ಅದಕ್ಕೆ ಸಾಕು. ಶ್ವಾಸಕೋಶ ಕೆಟ್ಟು ದಮ್ಮು ಹತ್ತಿದಾಗ ಅದೇ ಪಾಲು ಶೇ. 20 ದಾಟಬಹುದು. ನಿಮಿಷಕ್ಕೆ 250 ಮಿ.ಲೀ. ಆಕ್ಸಿಜನ್ ಬಳಸುವ ರೋಗಿಯಲ್ಲಿ 50 ಮಿ.ಲೀ. ಉಸಿರಾಟದ ಸ್ನಾಯುಗಳಿಗೇ ಹೋಯಿತು ಅನ್ನಿ; ದಿನಕ್ಕೆ 72 ಲೀಟರ್ ಆಯಿತು. ಲೀಟರಿಗೆ ಸುಮಾರು 4.85 ಕಿಲೊಕ್ಯಾಲೊರಿ ಹಿಡಿದರೆ 350 ಕಿಲೊಕ್ಯಾಲೊರಿ. ಗಂಟೆಗೆ 50 ಮಿ.ಲೀ.ನಂತೆ ಮೂಗಿನ ಟ್ಯೂಬಿನಲ್ಲಿ ಇಳಿಯುವ, ಮಿ.ಲೀ.ಗೆ ಒಂದು ಕಿಲೊಕ್ಯಾಲೊರಿಯ ಫೀಡ್‌ನಲ್ಲಿ (ದ್ರವ ಆಹಾರದಲ್ಲಿ) ಏಳು ಗಂಟೆಯದ್ದು ಪೂರ್ತಿ ಇಲ್ಲೇ ಕರಗಿತು.

ವೆಂಟಿಲೇಟರ್ ಹಾಕಿದ ಮೇಲೆ ಈ ಖರ್ಚು ತಾನಾಗಿ ನಿಂತುಬಿಡುತ್ತದೆ ಎಂಬ ನಂಬಿಕೆ ವಾರ್ಡುಗಳಲ್ಲಿ ಬಲವಾಗಿದೆ. ಹಾಗೇನಿಲ್ಲ. ಯಂತ್ರ ಎಷ್ಟು ಕೆಲಸ ಮಾಡುತ್ತಿದೆ, ರೋಗಿ ಎಷ್ಟು ಮಾಡುತ್ತಿದ್ದಾನೆ ಎಂಬುದು ಮೋಡಿನ (ಯಂತ್ರ ಗಾಳಿ ಕೊಡುವ ರೀತಿಯ) ಹೆಸರು ನೋಡಿದರೆ ತಿಳಿಯುವುದಿಲ್ಲ. ರೋಗಿಗೆ ಸಾಕಷ್ಟು ಆಸರೆ ಸಿಗುತ್ತಿದ್ದರೆ ಒಂದು ಮೋಡಿನಿಂದ ಇನ್ನೊಂದಕ್ಕೆ ಬದಲಿಸಿದಾಗ ಒಟ್ಟು ಶಕ್ತಿಯ ಖರ್ಚು ಹೆಚ್ಚೇನೂ ಬದಲಾಗದು. ಆಸರೆ ಸಾಲದೆ ಹೋದರೆ ಯಾವ ಮೋಡಿನಲ್ಲಿದ್ದರೂ ಏರುತ್ತದೆ. ಆದ್ದರಿಂದ ಹೆಚ್ಚುತ್ತಿರುವ ಖರ್ಚನ್ನು ಹೆಚ್ಚು ಫೀಡ್‌ನಿಂದ ತುಂಬಿಸುವ ಮೊದಲು ಸೋರಿಕೆ ಎಲ್ಲಿದೆ ಎಂದು ಹುಡುಕಬೇಕು. ಕೆಳಗಿನ ಹೆಜ್ಜೆಗಳು ಅದೇ ಕ್ರಮದಲ್ಲಿವೆ.

ಮುಂಬೈಯ ಕೆಇಎಂ, ಸಾಯನ್, ನಾಯರ್ ಇರಲಿ, ಪುಣೆಯ ಸಸೂನ್ ಇರಲಿ, ಗೋವಾದ ಬಾಂಬೋಳಿಯ ಮೆಡಿಕಲ್ ಕಾಲೇಜು ಇರಲಿ, ಇಂಥ ಕಡೆಗಳಲ್ಲಿ ದುಡಿಯುವ ಕನ್ನಡದ ನರ್ಸ್‌ಗಳು, ರೆಸಿಡೆಂಟ್ ವೈದ್ಯರು, ಡಯಟೀಶಿಯನ್‌ಗಳು, ಫಿಸಿಯೊಥೆರಪಿಸ್ಟ್‌ಗಳಿಗಾಗಿ ಇದನ್ನು ಬರೆದಿದ್ದೇವೆ. ಸೆಟ್ಟಿಂಗ್ ಬದಲಿಸುವ ಅಧಿಕಾರ ಚಿಕಿತ್ಸೆ ನೀಡುವ ವೈದ್ಯರದು. ಗಮನಿಸಿ ಹೇಳುವ ಕೆಲಸ ಬೆಡ್ ಪಕ್ಕದಲ್ಲಿರುವ ಎಲ್ಲರದು.

ಹೆಜ್ಜೆ 1: ಟೇಪ್ ಹಿಡಿಯಿರಿ, ಬೋರ್ಡಿನ ಮೇಲೆ ಎರಡು ತೂಕ ಬರೆಯಿರಿ

ರೋಗಿಯನ್ನು ನೇರ ಮಲಗಿಸಿ ನೆತ್ತಿಯಿಂದ ಹಿಮ್ಮಡಿವರೆಗೆ ಟೇಪಿನಲ್ಲಿ ಅಳೆಯಿರಿ. ಸಂಬಂಧಿಕರು ಹೇಳಿದ ಎತ್ತರವನ್ನೂ ಕಣ್ಣಂದಾಜನ್ನೂ ನಂಬಬೇಡಿ. ವೆಂಟಿಲೇಟರಿಗೆ ಬೇಕಾದದ್ದು ಎತ್ತರದಿಂದ ಬರುವ ತೂಕ. ಗಂಡಸರಿಗೆ 50ಕ್ಕೆ, ಹೆಂಗಸರಿಗೆ 45.5ಕ್ಕೆ, ಸೆಂ.ಮೀ.ನಲ್ಲಿರುವ ಎತ್ತರದಿಂದ 152.4 ಕಳೆದು 0.91ರಿಂದ ಗುಣಿಸಿದ್ದನ್ನು ಕೂಡಿಸಿ. 165 ಸೆಂ.ಮೀ. ಗಂಡಸಿಗೆ 61.5 ಕೆ.ಜಿ. ಬರುತ್ತದೆ; ಕೆ.ಜಿ.ಗೆ 6 ಮಿ.ಲೀ. ಹಿಡಿದರೆ ಒಂದು ಉಸಿರಿಗೆ ಸುಮಾರು 370 ಮಿ.ಲೀ. 152 ಸೆಂ.ಮೀ. ಹೆಂಗಸಿಗೆ 45 ಕೆ.ಜಿ., ಅಂದರೆ 270 ಮಿ.ಲೀ.

ನಮ್ಮ ಕಡೆಯ ಹೆಂಗಸರಲ್ಲಿ ಈ ಎತ್ತರ ಬಹಳ ಸಾಮಾನ್ಯ. ಯಾರೋ ಅಭ್ಯಾಸಬಲದಿಂದ 450 ಎಂದು ಸೆಟ್ ಮಾಡಿದರೆ ಆಕೆಗೆ ಕೆ.ಜಿ.ಗೆ 10 ಮಿ.ಲೀ. ಬಿದ್ದಂತಾಯಿತು. 2000ದಲ್ಲಿ ಪ್ರಕಟವಾದ ಎಆರ್‌ಡಿಎಸ್ (ಶ್ವಾಸಕೋಶ ಏಕಾಏಕಿ ತೀವ್ರವಾಗಿ ಕೆಡುವ ಸ್ಥಿತಿ) ನೆಟ್‌ವರ್ಕ್ ಅಧ್ಯಯನದಲ್ಲಿ 12 ಮಿ.ಲೀ. ಗುಂಪಿನ ಸಾವು ಶೇ. 39.8, 6 ಮಿ.ಲೀ. ಗುಂಪಿನದು ಶೇ. 31. ಟೇಪ್ ಹಿಡಿಯಲು ತಗಲುವ ಅರ್ಧ ನಿಮಿಷಕ್ಕೆ ಇಷ್ಟು ಬೆಲೆಯಿದೆ.

ಎರಡನೆಯದು ಫೀಡ್ ಲೆಕ್ಕಕ್ಕೆ ಬೇಕಾದ ತೂಕ: ಆಸ್ಪತ್ರೆಗೆ ಬರುವ ಮೊದಲಿದ್ದ, ಊತವಿಲ್ಲದ ತೂಕ. ಮೂರು ದಿನ ಸಲೈನ್ ಹೋದ ಮೇಲೆ ಬೆಡ್ ತೂಕದಲ್ಲಿ ಐದಾರು ಕಿಲೊ ನೀರೇ ಇರಬಹುದು. ಈ ಎರಡು ತೂಕಗಳು ಅದಲುಬದಲಾಗುವ ತಪ್ಪು ಎಲ್ಲ ವಾರ್ಡುಗಳಲ್ಲೂ ಆಗುತ್ತದೆ. ಅದಕ್ಕೇ 'ಗಾಳಿಗೆ' ಮತ್ತು 'ಊಟಕ್ಕೆ' ಎಂದು ಬೋರ್ಡಿನಲ್ಲಿ ಬೇರೆ ಬೇರೆ ಬರೆದಿಡಿ.

ಹೆಜ್ಜೆ 2: ಮೊದಲು ಮನುಷ್ಯ, ಆಮೇಲೆ ಪರದೆ

ಹೊದಿಕೆ ಸರಿಸಿ ಒಂದು ನಿಮಿಷ ಸುಮ್ಮನೆ ನೋಡಿ. ಉಸಿರು ಎಳೆದಾಗ ಕತ್ತಿನ ಪಕ್ಕದ ಸ್ನಾಯು ಹಗ್ಗದಂತೆ ಬಿಗಿಯುತ್ತಿದೆಯೇ? ಮೂಗಿನ ಹೊಳ್ಳೆ ಅರಳುತ್ತಿದೆಯೇ? ಪಕ್ಕೆಲುಬುಗಳ ನಡುವೆ, ಕತ್ತಿನ ಗುಳಿಯಲ್ಲಿ ಚರ್ಮ ಒಳಗೆ ಸೇದುತ್ತಿದೆಯೇ? ಉಸಿರು ಬಿಡುವಾಗ ಹೊಟ್ಟೆ ಗಟ್ಟಿಯಾಗುತ್ತಿದೆಯೇ ಎಂದು ತಿಳಿಯಲು ಅಂಗೈಯನ್ನು ಹೊಟ್ಟೆಯ ಮೇಲಿಡಿ. ಈ ನಾಲ್ಕರಲ್ಲಿ ಎರಡು ಕಂಡರೂ ಸಾಕು, ಪರದೆಯ ಅಂಕಿ ಎಷ್ಟೇ ಚೆನ್ನಾಗಿದ್ದರೂ ರೋಗಿ ದುಡಿಯುತ್ತಿದ್ದಾನೆ ಎಂದು ತಿಳಿಯಿರಿ. ಆಮೇಲೆ ಒಂದು ನಿಮಿಷದಲ್ಲಿ ಎದೆ ಎಷ್ಟು ಸಲ ಎದ್ದಿತು ಎಂದು ನೀವೇ ಎಣಿಸಿ, ಯಂತ್ರ ತೋರಿಸುವ ದರಕ್ಕೆ ಹೋಲಿಸಿ. ಎದೆ 34 ಸಲ ಎದ್ದು ಯಂತ್ರ 22 ಅಂದರೆ ಹನ್ನೆರಡು ಪ್ರಯತ್ನಗಳಿಗೆ ಯಂತ್ರ ಓಗೊಡಲಿಲ್ಲ. ಆ ಹನ್ನೆರಡರ ಆಕ್ಸಿಜನ್ ಖರ್ಚಾಯಿತು, ಗಾಳಿ ಸಿಗಲಿಲ್ಲ.

ಹೆಜ್ಜೆ 3: ಮೋಡಿನಲ್ಲಿ ಕೆಲಸ ಯಾರ ತಲೆಗೆ ಬಿದ್ದಿದೆ ನೋಡಿ

ವಾಲ್ಯೂಮ್ ಕಂಟ್ರೋಲ್. ಇಲ್ಲಿ ಗಾಳಿಯ ಪ್ರಮಾಣವೂ ಹರಿವಿನ ವೇಗವೂ ನಾವು ಕೊಟ್ಟಷ್ಟೇ. ರೋಗಿಗೆ ಇನ್ನೂ ವೇಗವಾಗಿ ಬೇಕೆನಿಸಿದರೆ ಬೀಗ ಹಾಕಿದ ಬಾಗಿಲನ್ನು ಎಳೆದಂತೆ ಎಳೆಯುತ್ತಾನೆ. ಒತ್ತಡದ ರೇಖೆ ಗುಡ್ಡದಂತೆ ಏರುವ ಬದಲು ನಡುವೆ ಸೌಟಿನಂತೆ ಕುಳಿ ಬೀಳುತ್ತದೆ. ನಿಮಿಷಕ್ಕೆ 40 ಲೀಟರ್ ಇದ್ದ ಹರಿವನ್ನು 60ಕ್ಕೆ, ಬೇಕಾದರೆ 80ಕ್ಕೆ ಏರಿಸಿದಾಗ ಕುಳಿ ತುಂಬುವುದು ಕಣ್ಣೆದುರೇ ಕಾಣುತ್ತದೆ. ತುಂಬದಿದ್ದರೆ ನೋವು, ಜ್ವರ, ಆಮ್ಲೀಯತೆಗಳಲ್ಲಿ ಯಾವುದಾದರೂ ಅವನನ್ನು ಓಡಿಸುತ್ತಿದೆಯೇ ಎಂದು ಹುಡುಕಬೇಕು. 6 ಮಿ.ಲೀ. ಸಾಲದ ರೋಗಿ ಮೊದಲ ಉಸಿರು ಮುಗಿಯುವ ಮೊದಲೇ ಎರಡನೆಯದನ್ನು ಎಳೆದು ಉಸಿರಿನ ಮೇಲೆ ಉಸಿರು ಪೇರಿಸುತ್ತಾನೆ. ಆಗ ಶ್ವಾಸಕೋಶಕ್ಕೆ ಬೀಳುವುದು 6 ಅಲ್ಲ, 12ರ ಹತ್ತಿರ. ಇದನ್ನು ಹಿಡಿಯದೆ 'ಪ್ರೊಟೆಕ್ಟಿವ್ ವೆಂಟಿಲೇಶನ್' ಎಂದು ನೋಟ್ಸ್‌ನಲ್ಲಿ ಬರೆದರೆ ಏನೂ ಪ್ರಯೋಜನವಿಲ್ಲ.

ಪಿಆರ್‌ವಿಸಿ (ಪ್ರೆಶರ್ ರೆಗ್ಯುಲೇಟೆಡ್ ವಾಲ್ಯೂಮ್ ಕಂಟ್ರೋಲ್). ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹೊಸ ಯಂತ್ರಗಳಲ್ಲಿ ಇದೇ ಹೆಚ್ಚು ಬಳಕೆಯಲ್ಲಿದೆ ಮತ್ತು ಮೋಸ ಹೋಗುವುದೂ ಇಲ್ಲೇ ಹೆಚ್ಚು. ನಿಗದಿಪಡಿಸಿದ ಗಾಳಿ ತಲುಪಿಸಲು ಎಷ್ಟು ಒತ್ತಡ ಬೇಕೆಂದು ಯಂತ್ರ ಪ್ರತಿ ಉಸಿರಿಗೂ ಲೆಕ್ಕ ಹಾಕುತ್ತದೆ. ಶ್ವಾಸಕೋಶ ಸುಧಾರಿಸಿದರೆ ಒತ್ತಡ ಇಳಿಸುತ್ತದೆ. ಆದರೆ ರೋಗಿ ಸಂಕಟದಿಂದ ಜೋರಾಗಿ ಎಳೆದಾಗಲೂ ಗಾಳಿ ಹೆಚ್ಚು ಬರುತ್ತದಲ್ಲ, ಯಂತ್ರಕ್ಕೆ ಅದೂ ಸುಧಾರಣೆಯಂತೆಯೇ ಕಾಣುತ್ತದೆ. ಒತ್ತಡ ಇಳಿಸುತ್ತದೆ. ರೋಗಿ ಇನ್ನಷ್ಟು ಎಳೆಯುತ್ತಾನೆ, ಅದು ಇನ್ನಷ್ಟು ಇಳಿಸುತ್ತದೆ. ಕೊನೆಗೆ ಪರದೆಯಲ್ಲಿ ಗಾಳಿ 370, ಪೀಕ್ (ಗರಿಷ್ಠ) ಒತ್ತಡ 12, ಅಲಾರಂ ಒಂದೂ ಇಲ್ಲ. ಹಾಸಿಗೆಯಲ್ಲಿ ಬೆವರಿನಿಂದ ತೊಯ್ದ ಮನುಷ್ಯ. ಪೀಕ್ ಒತ್ತಡ ಇಳಿಯುತ್ತಿದೆ ಎಂಬುದು ಒಳ್ಳೆಯ ಸುದ್ದಿಯಾಗಬೇಕಾದರೆ ಉಸಿರಿನ ದರವೂ ನಾಡಿಯೂ ಜೊತೆಗೇ ಇಳಿಯಬೇಕು. ಅವು ಏರುತ್ತಿದ್ದರೆ ಒತ್ತಡ ಕೈಬಿಡದ ಪ್ರೆಶರ್ ಕಂಟ್ರೋಲ್ ಅಥವಾ ಪ್ರೆಶರ್ ಸಪೋರ್ಟ್‌ಗೆ ಬದಲಿಸಿ ಎಂದು ವೈದ್ಯರಿಗೆ ಹೇಳಿ.

ಎಸ್‌ಐಎಂವಿ (ಸಿಂಕ್ರೊನೈಸ್ಡ್ ಇಂಟರ್‌ಮಿಟೆಂಟ್ ಮ್ಯಾಂಡೇಟರಿ ವೆಂಟಿಲೇಶನ್). ಕೆಲವು ಉಸಿರು ಯಂತ್ರದ್ದು, ನಡುನಡುವೆ ರೋಗಿಯದ್ದು. ದರ ಇಳಿಸುತ್ತ ಹೋದರೆ ನಿಧಾನ ಬಿಡಿಸಬಹುದೆಂಬ ಲೆಕ್ಕಾಚಾರ. ಆದರೆ ಮೆದುಳಿನ ಉಸಿರಾಟ ಕೇಂದ್ರ ಮುಂದಿನ ಉಸಿರು ಯಂತ್ರದ್ದೋ ತನ್ನದೋ ಎಂದು ಕಾದು ನಿರ್ಧರಿಸುವುದಿಲ್ಲ, ಎರಡಕ್ಕೂ ಒಂದೇ ಬಲ ಹಾಕುತ್ತದೆ. 1994 ಮತ್ತು 1995ರಲ್ಲಿ ಬಂದ ಎರಡು ಯಾದೃಚ್ಛಿಕ ಅಧ್ಯಯನಗಳಲ್ಲೂ ವೆಂಟಿಲೇಟರ್ ಬಿಡಿಸುವಲ್ಲಿ ಇದು ಹಿಂದೆ ಬಿತ್ತು. ಬಿಡಿಸುವ ಸಲುವಾಗಿ ಎಸ್‌ಐಎಂವಿ ಹಾಕುವುದನ್ನು ನಾವು ಒಪ್ಪುವುದಿಲ್ಲ.

ಪ್ರೆಶರ್ ಸಪೋರ್ಟ್. ರೋಗಿ ಎಳೆದ ಪ್ರತಿ ಉಸಿರಿಗೂ ಯಂತ್ರ ನಿಗದಿತ ಒತ್ತಡದ ಆಸರೆ ಕೊಡುತ್ತದೆ. ಕತ್ತಿನ ಸ್ನಾಯು ಸಡಿಲವಾಗಿ, ದರ 20ರಿಂದ 30ರೊಳಗೆ ಬಂದು, ಗಾಳಿ ಕೆ.ಜಿ.ಗೆ 6ರಿಂದ 8 ಮಿ.ಲೀ. ಸಿಗುವಷ್ಟು ಕೊಡಿ. ಹೆಚ್ಚಾದರೂ ತೊಂದರೆಯೇ. ಗಾಳಿ 10 ಮಿ.ಲೀ. ದಾಟಿ ದರ 12ಕ್ಕೆ ಇಳಿದರೆ ರೋಗಿ 'ಆರಾಮ' ಇದ್ದಾನೆ ಎಂದುಕೊಳ್ಳುತ್ತೇವೆ. ರಾತ್ರಿ ನಿದ್ದೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ಉಸಿರೇ ನಿಂತು, ಆಪ್ನಿಯ ಅಲಾರಂ ಬಡಿದು, ಪದೇ ಪದೇ ಎಚ್ಚರವಾಗುತ್ತದೆ. ಬೀಡಿ ಸೇದಿ ಶ್ವಾಸಕೋಶ ಹಾಳಾದ ಸಿಒಪಿಡಿ ರೋಗಿಯಲ್ಲಿ ಇನ್ನೊಂದು ತೊಡಕಿದೆ. ಹರಿವು ಗರಿಷ್ಠದ ಶೇ. 25ಕ್ಕೆ ಇಳಿದಾಗ ಉಸಿರು ಮುಗಿಸು ಎಂಬುದು ಬಹುತೇಕ ಯಂತ್ರಗಳ ಮೂಲ ಸೆಟ್ಟಿಂಗ್; ಇವರಲ್ಲಿ ಹರಿವು ಇಳಿಯುವುದೇ ತಡ. ರೋಗಿ ಬಿಡಲು ಹೊರಟಾಗ ಯಂತ್ರ ಇನ್ನೂ ಊದುತ್ತಿರುತ್ತದೆ. ಅದನ್ನು ಶೇ. 40-50ಕ್ಕೆ ಏರಿಸಿದರೆ ಹೊಟ್ಟೆಯ ಸ್ನಾಯು ಹೊಡೆದಾಡುವುದು ನಿಲ್ಲುತ್ತದೆ.

ಗಿಲಾನ್-ಬರೇ (ನರಗಳಿಗೆ ಪೆಟ್ಟಾಗಿ ಸ್ನಾಯು ಸೋಲುವ ಕಾಯಿಲೆ) ರೋಗಿಗಳಲ್ಲಿ ಈ ಗುರುತುಗಳೆಲ್ಲ ಮಂಕಾಗಿರುತ್ತವೆ. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತ ಇಂಥ ಪ್ರಕರಣಗಳು ಗುಂಪುಗುಂಪಾಗಿ ಬಂದು ಹಲವರಿಗೆ ವೆಂಟಿಲೇಟರ್ ಬೇಕಾಯಿತು. ಸ್ನಾಯುವೇ ಸೋತಿರುವುದರಿಂದ ಕತ್ತು ಬಿಗಿಯುವುದೂ ಕಾಣದು, ಟ್ರಿಗರ್ ಆಗುವಷ್ಟು, ಅಂದರೆ ಯಂತ್ರ ಗುರುತಿಸಿ ಉಸಿರು ಕೊಡುವಷ್ಟು, ಎಳೆಯಲೂ ಆಗದು. ಪುಟ್ಟ ಪ್ರಯತ್ನವೂ ಅವರ ಮಟ್ಟಿಗೆ ಇರುವ ಬಲವೆಲ್ಲ. ಟ್ರಿಗರನ್ನು ಸೂಕ್ಷ್ಮವಾಗಿಡಿ, ಬ್ಯಾಕಪ್ ದರ ಧಾರಾಳವಾಗಿರಲಿ, ಶ್ವಾಸಕೋಶ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಆಸರೆ ಇಳಿಸಬೇಡಿ.

ಹೆಜ್ಜೆ 4: ಕೊಳವೆ, ನೀರು, ಸೋರಿಕೆ

ಮೋಡ್ ಬದಲಿಸುವ ಮೊದಲು ಇದನ್ನು ನೋಡಿದರೆ ಅರ್ಧ ಸಮಸ್ಯೆಗಳು ಅಲ್ಲೇ ಮುಗಿಯುತ್ತವೆ.

ಗಂಟಲಿನ ಉಸಿರಿನ ಟ್ಯೂಬ್ 8 ಮಿ.ಮೀ. ಬದಲು 7 ಇದ್ದರೆ ಗಾಳಿಗೆ ತಡೆ ಹತ್ತಿರಹತ್ತಿರ ಒಂದೂಮುಕ್ಕಾಲು ಪಟ್ಟು. ಒಳಗೋಡೆಗೆ ಕಫ ಒಣಗಿ ಅಂಟಿದರೆ 8ರ ಟ್ಯೂಬೂ 7 ಆಗುತ್ತದೆ. ಸಕ್ಷನ್ ಕ್ಯಾಥೆಟರ್ ಇಳಿಯುವಾಗ ತಡೆದರೆ ಅದೇ ಸುಳಿವು.

ಟ್ಯೂಬಿನ ತುದಿಗೆ ಹಾಕುವ, ಉಸಿರಿನ ಬಿಸಿ ಮತ್ತು ತೇವ ಹಿಡಿದಿಡುವ ಎಚ್‌ಎಂಇ ಫಿಲ್ಟರಿನ ಒಳಗಿನ ಜಾಗ ಸಾಮಾನ್ಯವಾಗಿ 30ರಿಂದ 100 ಮಿ.ಲೀ. 270 ಮಿ.ಲೀ. ಉಸಿರಿನ ಹೆಂಗಸಿಗೆ 80 ಮಿ.ಲೀ. ಫಿಲ್ಟರ್ ಹಾಕಿದರೆ ಪ್ರತಿ ಉಸಿರಿನ ಮುಕ್ಕಾಲು ಪಾಲಿಗಿಂತ ಕಡಿಮೆ ಮಾತ್ರ ಮುಂದೆ ಹೋಗುತ್ತದೆ. ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ದರ ಏರುತ್ತದೆ, ಖರ್ಚೂ ಏರುತ್ತದೆ. ಚಿಕ್ಕ ಮೈಕಟ್ಟಿನವರಿಗೂ ಬಿಡಿಸಲು ಕಷ್ಟಪಡುವವರಿಗೂ ಬಿಸಿ ಹ್ಯುಮಿಡಿಫೈಯರ್ ಒಳ್ಳೆಯದು. ಎರಡನ್ನೂ ಒಟ್ಟಿಗೆ ಮಾತ್ರ ಹಾಕಬಾರದು: ಫಿಲ್ಟರ್ ನೀರು ಕುಡಿದು ಕಟ್ಟಿಕೊಳ್ಳುತ್ತದೆ.

ಹ್ಯುಮಿಡಿಫೈಯರ್ ಇದ್ದಾಗ ಏಸಿಯ ಗಾಳಿ ನೇರ ಕೊಳವೆಗಳ ಮೇಲೆ ಬೀಸುತ್ತಿದೆಯೇ ನೋಡಿ. ಬಿಸಿ ತೇವದ ಗಾಳಿ ತಣ್ಣನೆಯ ಕೊಳವೆಯಲ್ಲಿ ನೀರಾಗುತ್ತದೆ. ಆ ನೀರು ಅತ್ತಿತ್ತ ಓಲಾಡಿದಾಗ ಯಂತ್ರ ಅದನ್ನೇ ರೋಗಿಯ ಪ್ರಯತ್ನವೆಂದುಕೊಂಡು ಉಸಿರು ತಳ್ಳುತ್ತದೆ. ದರ ಏಕಾಏಕಿ ಏರಿ, ಎದೆ ಮುಟ್ಟಿದರೆ ರೋಗಿ ಎಳೆಯುತ್ತಲೇ ಇಲ್ಲ ಎಂದು ತಿಳಿದರೆ ನೀರು ಚೆಲ್ಲಿ, ಕಫ್ (ಟ್ಯೂಬಿನ ಸುತ್ತ ಊದಿಸಿದ ಬಲೂನು) ಒತ್ತಡ ನೋಡಿ. ಅದು 20ರಿಂದ 30 ಸೆಂ.ಮೀ. ನೀರಿನ ಮಟ್ಟದಲ್ಲಿರಬೇಕು. ಕಫ್ ಸೋರಿದರೂ ಹೀಗೇ ಆಗುತ್ತದೆ. ಟ್ರಿಗರ್ ನಿಮಿಷಕ್ಕೆ 1ರಿಂದ 3 ಲೀಟರ್ ಹರಿವಿನಲ್ಲಿದ್ದರೆ ಸಾಮಾನ್ಯವಾಗಿ ಸರಿ.

ಉಸಿರು ಬಿಡುವ ಹರಿವಿನ ರೇಖೆ ಸೊನ್ನೆ ಮುಟ್ಟುವ ಮೊದಲೇ ಮುಂದಿನ ಉಸಿರು ಬಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಆ ಒಳ ಒತ್ತಡ ಮೀರಿ ಎಳೆದ ಮೇಲೇ ಟ್ರಿಗರ್. ಹೆಜ್ಜೆ 2ರಲ್ಲಿ ಎಣಿಸಿದಾಗ ತಪ್ಪಿದ ಹನ್ನೆರಡು ಪ್ರಯತ್ನಗಳಿಗೆ ಬಹುಪಾಲು ಇದೇ ಕಾರಣ. ನೆಬ್ಯುಲೈಸರ್ ಕೊಡಿ, ಕಫ ತೆಗೆಯಿರಿ, ಅತಿಯಾದ ಸಪೋರ್ಟ್ ಇಳಿಸಿ, ಬಿಡುವ ಸಮಯ ಹೆಚ್ಚಿಸಿ. ಸಿಒಪಿಡಿಯಲ್ಲಿ ಒಳ ಒತ್ತಡದ ಮುಕ್ಕಾಲು ಪಾಲಿನಷ್ಟು ಪೀಪ್ (ಉಸಿರು ಬಿಟ್ಟ ಕೊನೆಯಲ್ಲೂ ಯಂತ್ರ ಉಳಿಸುವ ಒತ್ತಡ) ಹೊರಗಿನಿಂದ ಕೊಟ್ಟರೆ ಎಳೆತ ಹಗುರಾಗುತ್ತದೆ.

ಹೆಜ್ಜೆ 5: ಪ್ರಯತ್ನಕ್ಕೊಂದು ಅಂಕಿ ಕೊಡಿ

ಈಗಿನ ಬಹುತೇಕ ಯಂತ್ರಗಳು ಪಿ 0.1 ತೋರಿಸುತ್ತವೆ. ಉಸಿರು ಎಳೆಯಲು ಆರಂಭಿಸಿದ ಮೊದಲ 0.1 ಸೆಕೆಂಡಿನಲ್ಲಿ ಒತ್ತಡ ಎಷ್ಟು ಇಳಿಯಿತು ಎಂಬ ಅಳತೆ ಇದು. ಸ್ಥೂಲವಾಗಿ 1.5ರಿಂದ 3.5 ಸೆಂ.ಮೀ. ನೀರಿನಷ್ಟಿದ್ದರೆ ಸಹಜ ದುಡಿಮೆ. 4 ದಾಟಿದರೆ ಆಸರೆ ಸಾಲದು, ಅಥವಾ ಜ್ವರ, ನೋವು, ಆಮ್ಲೀಯತೆ ಅವನನ್ನು ಬೆನ್ನಟ್ಟಿವೆ. 1ಕ್ಕಿಂತ ಕೆಳಗಿದ್ದರೆ ಯಂತ್ರವೇ ಎಲ್ಲ ಮಾಡುತ್ತಿದೆ. ನಾಲ್ಕೈದು ಉಸಿರುಗಳ ಸರಾಸರಿ ತೆಗೆಯಿರಿ.

ಸೊನ್ನೆ ದುಡಿಮೆಯೇ ಗುರಿಯಾಗಬಾರದು. ಉಸಿರಾಟದ ಮುಖ್ಯ ಸ್ನಾಯುವಾದ ಡಯಾಫ್ರಮ್ (ವಪೆ) ಪೂರ್ತಿ ಸುಮ್ಮನಿದ್ದರೆ 18ರಿಂದ 69 ಗಂಟೆಗಳೊಳಗೇ ಅದರ ನಾರುಗಳು ಸೊರಗುತ್ತವೆ ಎಂದು 2008ರಲ್ಲೇ ತೋರಿಸಲಾಗಿದೆ. ಇವತ್ತು ಉಳಿಸಿದ ಕ್ಯಾಲೊರಿ ಮುಂದಿನ ವಾರ ಬಿಡಿಸಲಾಗದ ವೆಂಟಿಲೇಟರ್ ಆಗಬಹುದು. ತೀವ್ರ ಎಆರ್‌ಡಿಎಸ್‌ನ ಮೊದಲ ಒಂದೆರಡು ದಿನ, ಆಘಾತದಲ್ಲಿರುವಾಗ (ರಕ್ತದೊತ್ತಡ ಕುಸಿದ ಶಾಕ್), ಪೂರ್ಣ ವಿಶ್ರಾಂತಿ ನ್ಯಾಯವೇ. ಆಮೇಲೆ ಸ್ವಲ್ಪ ಎಳೆಯಲಿ.

ಇಲ್ಲೊಂದು ಗೊಂದಲ ಬಿಡಿಸಬೇಕು. 'ಮೆಕ್ಯಾನಿಕಲ್ ಪವರ್' ಎಂದು ಈಚೆಗೆ ಕೇಳುವುದು ಯಂತ್ರ ಶ್ವಾಸಕೋಶದ ಮೇಲೆ ಸುರಿಯುವ ಶಕ್ತಿ, ರೋಗಿ ಉರಿಸುವ ಕ್ಯಾಲೊರಿಯಲ್ಲ. ದರ 20, ಗಾಳಿ 0.37 ಲೀಟರ್, ಪೀಕ್ 26, ಪ್ಲಾಟೊ (ಗಾಳಿ ತುಂಬಿ ಹರಿವು ನಿಂತಾಗಿನ ಒತ್ತಡ) 22, ಪೀಪ್ 10 ಇದ್ದರೆ ಅದು ನಿಮಿಷಕ್ಕೆ ಸುಮಾರು 14.5 ಜೌಲ್, ದರ 30 ಮಾಡಿದೊಡನೆ 22ರ ಹತ್ತಿರ. 17 ದಾಟಿದವರಲ್ಲಿ ಸಾವಿನ ಅಪಾಯ ಏರುವುದು ಕಂಡುಬಂದಿದೆ. 14.5 ಜೌಲನ್ನು ದಿನದ ಲೆಕ್ಕಕ್ಕೆ ತಂದರೆ ಬರೀ 5 ಕಿಲೊಕ್ಯಾಲೊರಿ. ಉಸಿರಿನ ಸ್ನಾಯುಗಳ ದಕ್ಷತೆ ಶೇ. 10ನ್ನೂ ಮುಟ್ಟುವುದು ಕಷ್ಟ, ರೋಗದಲ್ಲಿ ಇನ್ನೂ ಕಡಿಮೆ. ಅದಕ್ಕೇ ಅದೇ ಕೆಲಸವನ್ನು ರೋಗಿಯೇ ಮಾಡಬೇಕಾದರೆ ಬಿಲ್ಲು ಹತ್ತಾರು ಪಟ್ಟು ಬರುತ್ತದೆ.

ಹೆಜ್ಜೆ 6: ಜ್ವರ, ನಡುಕ, ನೋವು

ಮೈ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಖರ್ಚು ಸುಮಾರು ಶೇ. 10ರಿಂದ 13 ಏರುತ್ತದೆ. ಮುಂಬೈಯ ಮಳೆಗಾಲದಲ್ಲಿ ಇಲಿಜ್ವರ, ಮಲೇರಿಯಾ, ಡೆಂಗಿಯಿಂದ ಐಸಿಯು ತುಂಬುತ್ತದೆ. 40 ಡಿಗ್ರಿ ಜ್ವರದ ಇಲಿಜ್ವರ ರೋಗಿ ವೆಂಟಿಲೇಟರ್ ಮೇಲೆ ಸುಮ್ಮನೆ ಮಲಗಿಯೇ ಮೂರನೇ ಒಂದು ಪಾಲು ಹೆಚ್ಚು ಉರಿಸುತ್ತಾನೆ. ಆದರೆ ಐಸ್ ನೀರಿನಲ್ಲಿ ಒರೆಸಿ ನಡುಕ ಬರಿಸಿದರೆ ಖರ್ಚು ದುಪ್ಪಟ್ಟಾಗಬಹುದು. ಇಳಿಸಲು ಹೋಗಿ ಏರಿಸಿದಂತೆ. ಪ್ಯಾರಾಸಿಟಮಾಲ್ ಮೊದಲು, ಒರೆಸುವುದಿದ್ದರೆ ಉಗುರುಬೆಚ್ಚಗಿನ ನೀರು, ದವಡೆಯಲ್ಲೋ ಎದೆಯಲ್ಲೋ ನಡುಕ ಶುರುವಾಯಿತೇ ಎಂದು ಕೈಯಿಟ್ಟು ನೋಡುತ್ತಿರಿ. ನೋವಿಗೆ ಔಷಧಿ ಕೊಡದೆ ಬರೀ ನಿದ್ದೆಯ ಔಷಧಿ ಏರಿಸುವುದು ತಪ್ಪು ಕ್ರಮ.

ಹೆಜ್ಜೆ 7: ಖರ್ಚು ಅಳೆಯಿರಿ

ಇಂಡೈರೆಕ್ಟ್ ಕೆಲೊರಿಮೀಟರ್ (ಉಸಿರಿನ ಅನಿಲಗಳಿಂದ ಖರ್ಚು ಅಳೆಯುವ ಯಂತ್ರ) ಇದ್ದರೆ ಅದೇ ಉತ್ತಮ. ನಿಮಿಷದ ಆಕ್ಸಿಜನ್ ಬಳಕೆಯನ್ನು 3.941ರಿಂದ, ಕಾರ್ಬನ್ ಡೈಆಕ್ಸೈಡ್ ಉತ್ಪತ್ತಿಯನ್ನು 1.106ರಿಂದ ಗುಣಿಸಿ, ಕೂಡಿಸಿ, 1.44ರಿಂದ ಗುಣಿಸುವ ವೀರ್ ಸೂತ್ರ 1949ರದು. ಬಳಕೆ 210, ಉತ್ಪತ್ತಿ 180 ಮಿ.ಲೀ. ಇದ್ದರೆ ದಿನಕ್ಕೆ 1478 ಕಿಲೊಕ್ಯಾಲೊರಿ. ಉತ್ಪತ್ತಿಯನ್ನು ಬಳಕೆಯಿಂದ ಭಾಗಿಸಿದರೆ 0.86. ಈ ಭಾಗಲಬ್ಧ 0.67ಕ್ಕಿಂತ ಕೆಳಗೆ ಅಥವಾ 1.3ಕ್ಕಿಂತ ಮೇಲೆ ಬಂದರೆ ಅಳತೆಯೇ ತಪ್ಪು, ಕಸದಬುಟ್ಟಿಗೆ ಹಾಕಿ.

ಕೆಲೊರಿಮೀಟರ್ ನಮ್ಮ ಹೆಚ್ಚಿನ ವಾರ್ಡುಗಳಲ್ಲಿಲ್ಲ. ವಾಲ್ಯೂಮೆಟ್ರಿಕ್ ಕ್ಯಾಪ್ನೊಗ್ರಫಿ ಇರುವ ವೆಂಟಿಲೇಟರ್ ಕಾರ್ಬನ್ ಡೈಆಕ್ಸೈಡ್ ಉತ್ಪತ್ತಿ ತೋರಿಸುತ್ತದೆ, ಅದನ್ನು 8.19ರಿಂದ ಗುಣಿಸಿ. 180 ಇದ್ದರೆ 1474. ಮೇಲಿನ ಲೆಕ್ಕಕ್ಕೆ ಎಷ್ಟು ಹತ್ತಿರ ನೋಡಿ. ಭಾಗಲಬ್ಧ 0.86ರಿಂದ ದೂರವಾದಷ್ಟೂ ತಪ್ಪು ಹೆಚ್ಚುತ್ತದೆ ಎಂಬುದು ನೆನಪಿರಲಿ. ಎಂಡ್-ಟೈಡಲ್ (ಉಸಿರು ಬಿಡುವ ಕೊನೆಯಲ್ಲಿರುವ ಕಾರ್ಬನ್ ಡೈಆಕ್ಸೈಡ್) ಅಂಕಿ ಬೇರೆ ವಿಷಯ, ಅದರಿಂದ ಈ ಲೆಕ್ಕ ಹಾಕಲು ಬರುವುದಿಲ್ಲ.

ಯಾವಾಗ ನಂಬಬಾರದು? ಎಫ್‌ಐಒ2 (ಕೊಡುವ ಗಾಳಿಯಲ್ಲಿ ಆಕ್ಸಿಜನ್ ಪಾಲು) 0.6 ದಾಟಿದಾಗ ಆಕ್ಸಿಜನ್ ಬಳಕೆಯ ಅಳತೆ ಕೆಡುತ್ತದೆ. ಕಫ್ ಸೋರುವಾಗ, ಎದೆಯ ಡ್ರೈನ್‌ನಲ್ಲಿ ಗಾಳಿಗುಳ್ಳೆ ಬರುವಾಗ, ಡಯಾಲಿಸಿಸ್ ನಡೆಯುವಾಗ ಬೇಡ. ಇನ್ನೊಂದು ಸೂಕ್ಷ್ಮ, ಹೆಚ್ಚಿನವರು ಎಡವುವುದು ಇಲ್ಲೇ: ಮೋಡ್ ಅಥವಾ ದರ ಬದಲಿಸಿದ ಕೂಡಲೇ ಅಳೆಯುವುದು. ದೇಹದಲ್ಲಿ ಕಾರ್ಬನ್ ಡೈಆಕ್ಸೈಡ್‌ನ ದೊಡ್ಡ ಕಣಜವೇ ಇದೆ. ಆಸರೆ ಏರಿಸಿದಾಗ ಕಣಜದಲ್ಲಿದ್ದದ್ದು ಹೊರಬರುತ್ತದೆ, ಉತ್ಪತ್ತಿ ಏರಿದಂತೆ ಕಾಣುತ್ತದೆ, ಲೆಕ್ಕ ಸುಳ್ಳಾಗಿ ಏರುತ್ತದೆ. ಬದಲಿಸಿದ ಮೇಲೆ ಒಂದು ಗಂಟೆಯಾದರೂ ಬಿಡಿ. ಸಕ್ಷನ್, ಹೊರಳಿಸುವುದು, ಸ್ನಾನವಾದ ಮೇಲೆ ಅರ್ಧ ಗಂಟೆ. ಅಂಕಿ ಐದು ನಿಮಿಷ ಶೇ. 10ರೊಳಗೆ ನಿಂತರೆ ಬರೆದುಕೊಳ್ಳಿ.

ಯಾವ ಸಲಕರಣೆಯೂ ಇಲ್ಲವಾದರೆ ಮೊದಲ ದಿನಗಳು ಕಳೆದ ಮೇಲೆ ಕೆ.ಜಿ.ಗೆ 25 ಕಿಲೊಕ್ಯಾಲೊರಿ ಹಿಡಿದು ಮುಂದೆ ಸಾಗಿ.

ಹೆಜ್ಜೆ 8: ಫೀಡ್

ಸಾಧ್ಯವಾದರೆ 48 ಗಂಟೆಯೊಳಗೆ ಹೊಟ್ಟೆಗೇ ಶುರು ಮಾಡಿ. ರಕ್ತದೊತ್ತಡ ಎತ್ತಿಹಿಡಿಯುವ ಔಷಧಿ ಏರುತ್ತಲೇ ಇದ್ದರೆ ಕಾಯಿರಿ: 2018ರ ನ್ಯೂಟ್ರಿರಿಯಾ-2 ಅಧ್ಯಯನದಲ್ಲಿ ಆಘಾತದಲ್ಲಿದ್ದವರಿಗೆ ಬೇಗ ಪೂರ್ಣ ಫೀಡ್ ಕೊಟ್ಟಾಗ ಕರುಳಿಗೆ ರಕ್ತ ನಿಂತ ಪ್ರಕರಣಗಳು ಹೆಚ್ಚಿದ್ದವು. ಮೊದಲ ಮೂರು ದಿನ ಅಳೆದ ಖರ್ಚಿನ ಶೇ. 70 ಮೀರಬೇಡಿ. ದೇಹ ಆಗ ತನ್ನ ದಾಸ್ತಾನಿನಿಂದಲೇ ಸಕ್ಕರೆ ಸುರಿಯುತ್ತಿರುತ್ತದೆ, ನಾವು ಕೊಟ್ಟದ್ದು ಅದರ ಮೇಲೆ ಬೀಳುತ್ತದೆ. ಆಮೇಲೆ ಶೇ. 80ರಿಂದ 100.

55 ಕೆ.ಜಿ. ಹೆಂಗಸು, ಖರ್ಚು 1475 ಎಂದುಕೊಳ್ಳಿ. ಶೇ. 1ರ ಪ್ರೊಪೊಫಾಲ್ (ನಿದ್ದೆಯ ಔಷಧಿ) ಗಂಟೆಗೆ 10 ಮಿ.ಲೀ. ಓಡುತ್ತಿದೆ. ಅದರ ಕೊಬ್ಬಿನಿಂದ ಮಿ.ಲೀ.ಗೆ 1.1 ಕಿಲೊಕ್ಯಾಲೊರಿ, ದಿನಕ್ಕೆ 264. ಉಳಿದದ್ದು 1211. ಮಿ.ಲೀ.ಗೆ ಒಂದು ಕಿಲೊಕ್ಯಾಲೊರಿಯ ಫೀಡ್ ಗಂಟೆಗೆ 50 ಮಿ.ಲೀ. ಪ್ರೋಟೀನ್ ಕೆ.ಜಿ.ಗೆ 1.3 ಗ್ರಾಂನಂತೆ 71 ಗ್ರಾಂ ಬೇಕು. ಲೀಟರಿಗೆ 40 ಗ್ರಾಂ ಇರುವ ಫೀಡ್‌ನಿಂದ 48 ಬರುತ್ತದೆ, ಉಳಿದ 23 ಗ್ರಾಂ ಪುಡಿಯಿಂದ ಸೇರಿಸಿ. ಈ ಮಟ್ಟಕ್ಕೂ ಕೆಲವು ದಿನಗಳಲ್ಲಿ ಮೆಲ್ಲಗೆ ಏರಿ. 2023ರ ಎಫರ್ಟ್ ಅಧ್ಯಯನದಲ್ಲಿ ಪ್ರೋಟೀನ್ ಇನ್ನೂ ಹೆಚ್ಚು ಕೊಟ್ಟದ್ದರಿಂದ ಲಾಭವಾಗಲಿಲ್ಲ, ಕಿಡ್ನಿ ಕೆಟ್ಟವರಿಗೆ ಕೆಡುಕೇ ಆದಂತಿದೆ. ಸ್ಕ್ಯಾನ್‌ಗೆಂದು ಆರು ಗಂಟೆ ಫೀಡ್ ನಿಂತರೆ 300 ಮಿ.ಲೀ. ಕಳೆದುಹೋಯಿತು, ಉಳಿದ 18 ಗಂಟೆ ಗಂಟೆಗೆ 67ರಂತೆ ಓಡಿಸಿ ಸರಿದೂಗಿಸಿ. ತಲೆದಿಂಬಿನ ಕಡೆ 30ರಿಂದ 45 ಡಿಗ್ರಿ ಎತ್ತರವಿರಲಿ.

ಮನೆಯವರು ಫ್ಲಾಸ್ಕಿನಲ್ಲಿ ಗಂಜಿ ತಂದು ಬಾಗಿಲಲ್ಲಿ ನಿಂತಿರುತ್ತಾರೆ. ಅವರ ಪ್ರೀತಿಗೆ ಬೆಲೆ ಕೊಡಿ, ಲೆಕ್ಕವನ್ನೂ ತಿಳಿಸಿ: 50 ಗ್ರಾಂ ಅಕ್ಕಿ 600 ಮಿ.ಲೀ. ಗಂಜಿಯಾದರೆ 175 ಕಿಲೊಕ್ಯಾಲೊರಿ, ಪ್ರೋಟೀನ್ 4 ಗ್ರಾಂ. ದಿನಕ್ಕೆ ಎರಡು ಫ್ಲಾಸ್ಕ್ ಖಾಲಿಯಾದರೂ ಅಗತ್ಯದ ಕಾಲುಭಾಗ ಮುಟ್ಟದು. ಸೋಸದ ಗಂಜಿ ಟ್ಯೂಬ್ ಕಟ್ಟಿಸುತ್ತದೆ. ಎಳನೀರಿನಲ್ಲಿ ಪೊಟ್ಯಾಶಿಯಂ ಹೆಚ್ಚು. ಕಿಡ್ನಿ ಕೆಟ್ಟ ಇಲಿಜ್ವರದ ರೋಗಿಗೆ ಅಪಾಯ. ಅಡುಗೆಮನೆಯ ಫೀಡ್ ಆಗಲಿ ಕಲಸಿದ ಪುಡಿಯಾಗಲಿ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ತೂಗುಹಾಕಬೇಡಿ.

ಬಹಳ ದಿನ ಉಪವಾಸವಿದ್ದವರು, ಕುಡಿತದವರು, ಸೊರಗಿದ ಕೂಲಿಕಾರರಲ್ಲಿ ಫೀಡ್‌ಗೆ ಮೊದಲೇ ಥಯಾಮಿನ್ (ವಿಟಮಿನ್ ಬಿ1) ಕೊಡಿ, ಫಾಸ್ಫೇಟ್, ಪೊಟ್ಯಾಶಿಯಂ, ಮೆಗ್ನೀಶಿಯಂ ದಿನವೂ ನೋಡಿ. ಫಾಸ್ಫೇಟ್ ಡೆಸಿಲೀಟರಿಗೆ 2 ಮಿ.ಗ್ರಾಂಗಿಂತ ಇಳಿದರೆ 48 ಗಂಟೆ ಕ್ಯಾಲೊರಿ ತಡೆಹಿಡಿದು ಫಾಸ್ಫೇಟ್ ತುಂಬಿಸಿ. ಫಾಸ್ಫೇಟ್ ಇಲ್ಲದೆ ಡಯಾಫ್ರಮ್ ಎಳೆಯದು.

ಹೆಜ್ಜೆ 9: ಫೀಡ್ ಏರಿದ ಮೇಲೆ ಮತ್ತೆ ಉಸಿರಿಗೆ ಬನ್ನಿ

ಅಗತ್ಯಕ್ಕಿಂತ ಹೆಚ್ಚು ತುಂಬಿದರೆ ಕಾರ್ಬನ್ ಡೈಆಕ್ಸೈಡ್ ಹೆಚ್ಚುತ್ತದೆ, ಅದನ್ನು ಹೊರಹಾಕಲು ನಿಮಿಷದ ಗಾಳಿ ಏರಬೇಕು, ರೋಗಿ ಓಡಬೇಕು. ಸಕ್ಕರೆಯೋ ಕೊಬ್ಬೋ ಎಂಬುದಕ್ಕಿಂತ ಒಟ್ಟು ಎಷ್ಟು ಎಂಬುದೇ ಇಲ್ಲಿ ದೊಡ್ಡದು. ನಿಮಿಷದ ಗಾಳಿ 8ರಿಂದ 12 ಲೀಟರಿಗೆ ಏರಿದ್ದರೆ ಉತ್ಪತ್ತಿಯ ಅಂಕಿ ನೋಡಿ. ಅದೂ ಏರಿದ್ದರೆ ಜ್ವರ, ನಡುಕ, ಅತಿಯಾದ ಫೀಡ್, ಅತಿಯಾದ ದುಡಿಮೆ, ಈ ನಾಲ್ಕರಲ್ಲಿ ಒಂದು. ಅದು ಏರದೆ ಗಾಳಿ ಮಾತ್ರ ಏರಿದ್ದರೆ ಫಿಲ್ಟರ್, ಶ್ವಾಸಕೋಶದ ರಕ್ತಗಡ್ಡೆ, ಆಮ್ಲೀಯತೆ, ಗಾಬರಿ ಎಂದು ಹುಡುಕಿ.

ಹೆಜ್ಜೆ 10: ಬಿಡಿಸುವ ಬೆಳಗ್ಗೆ

ಎಫ್‌ಐಒ2 0.4ರ ಆಸುಪಾಸು, ಪೀಪ್ 8ರೊಳಗೆ, ರಕ್ತದೊತ್ತಡ ನೆಟ್ಟಗಿದ್ದರೆ 30 ನಿಮಿಷ ಪರೀಕ್ಷಿಸಿ. ಸಪೋರ್ಟ್ 5ರಿಂದ 8ರಲ್ಲಿ ಅಥವಾ ಟಿ-ಪೀಸ್‌ನಲ್ಲಿ (ಯಂತ್ರದ ಆಸರೆಯಿಲ್ಲದೆ, ಆಕ್ಸಿಜನ್ ಮಾತ್ರ ಕೊಟ್ಟು) ನೋಡಬಹುದು. ದರವನ್ನು ಲೀಟರಿನಲ್ಲಿರುವ ಗಾಳಿಯಿಂದ ಭಾಗಿಸಿ: 28 ಮತ್ತು 0.32 ಇದ್ದರೆ 88, ಮುಂದುವರಿಯಬಹುದು. 34 ಮತ್ತು 0.25 ಇದ್ದರೆ 136, ನಿಲ್ಲಿಸಿ. ಗಡಿ 105.

ಈ ಅರ್ಧ ಗಂಟೆ ರೋಗಿಯನ್ನು ಅವನ ಮಾತಿನಲ್ಲೇ ಕೇಳಿ. ಪುಣೆಯ ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿಯವನಿಗೂ ವಾಸ್ಕೋದಲ್ಲಿ ದುಡಿಯುವ ಬಾಗಲಕೋಟೆಯವಳಿಗೂ ಮರಾಠಿ, ಕೊಂಕಣಿ, ಹಿಂದಿಯಲ್ಲಿ ಕೇಳಿದರೆ ಸುಮ್ಮನೆ ತಲೆಯಾಡಿಸುತ್ತಾರೆ. "ದಮ್ಮು ಹತ್ತತೈತೇನ್ರಿ? ಗಾಳಿ ಸಾಲವಲ್ದೇನು? ಹೌದಂದ್ರ ಕಣ್ಣು ಮುಚ್ಚ್ರಿ" ಎಂದು ಕೇಳಿ. ಕರಾವಳಿಯವರಿಗೆ "ಉಸಿರು ಕಟ್ಟಿದ ಹಾಗೆ ಆಗ್ತದಾ?" ಅನ್ನಿ. ಎಳೆಯುವ ಕಷ್ಟ ಬೇರೆ, ಗಾಳಿ ಸಾಲದ ಸಂಕಟ ಬೇರೆ. ಎರಡನೆಯದಕ್ಕೆ ಹೌದು ಎಂದರೆ ಅಂಕಿ ಚೆನ್ನಾಗಿದ್ದರೂ ಸಪೋರ್ಟ್ ಏರಿಸಿ ಕಾರಣ ಹುಡುಕಿ.

ದರ 35 ದಾಟಿದರೆ, ಬೆವರಿದರೆ, ಆಕ್ಸಿಜನ್ ಮಟ್ಟ 90ಕ್ಕಿಂತ ಇಳಿದರೆ 30 ನಿಮಿಷ ಮುಗಿಯಲಿ ಎಂದು ಕಾಯಬೇಡಿ. ಸೋತ ಸ್ನಾಯು ಸುಧಾರಿಸಿಕೊಳ್ಳಲು ಒಂದು ಹಗಲು ರಾತ್ರಿ ಬೇಕು: ಆರಾಮದ ಆಸರೆಗೆ ಮರಳಿಸಿ, ಅದೇ ದಿನ ಮತ್ತೆ ಪರೀಕ್ಷಿಸಬೇಡಿ, ರಾತ್ರಿ ದೀಪ ತಗ್ಗಿಸಿ ನಿದ್ದೆಗೆ ಬಿಡಿ. ಪರೀಕ್ಷೆಗೆಂದು ನಿಲ್ಲಿಸಿದ ಫೀಡ್ ಮತ್ತೆ ಶುರುವಾಯಿತೇ ಎಂದು ಡ್ಯೂಟಿ ಬದಲಾಗುವ ಮೊದಲು ಪಂಪ್ ನೋಡಿ. ಅದು ಸಂಜೆಯವರೆಗೂ ನಿಂತೇ ಇರುವುದುಂಟು.